ಮೈ ಹುಷಾರ್ ನಹೀ

ಆಗಿದ್ದಾಯಿತು, ಬಿಟ್ಟುಬಿಡು ಎಂದು ನನಗೆ ಬುದ್ಧಿ ಹೇಳಲು ಬರುವವರು ಮೊದಲು ನನ್ನ ತಮ್ಮ ಸಂಪತ್ ಮನೆಯ ಮೆಟ್ಟಿಲು ಹತ್ತುವುದನ್ನು ನೋಡಲಿ. ಇರುವುದು ಹದಿನಾಲ್ಕು ಮೆಟ್ಟಿಲು, ನಡುವೆ ಎರಡು ಸಲ ನಿಲ್ಲುತ್ತಾನೆ. ಮೂವತ್ತೊಂದು ವರ್ಷ ಅವನಿಗೆ! ಮಾರೇನಹಳ್ಳಿಯಲ್ಲಿ ಇವನು ರೈಡಿಗೆ ಹೋದರೆ ಎದುರು ತಂಡದವರೆಲ್ಲ ಹಿಂದೆ ಹಿಂದೆ ಸರಿಯುತ್ತಿದ್ದರು. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ ಮೂವರನ್ನು ಮುಟ್ಟಿ ಬರುತ್ತಿದ್ದ. ಈಗ ಚಂದ್ರಾ ಲೇಔಟಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ಬಂದವರಿಗೆ ನಲ್ಲಿ, ಪೈಪು ತೋರಿಸುತ್ತಾನೆ.

ಇದಕ್ಕೆಲ್ಲ ಕಾರಣ ಬಸವೇಶ್ವರನಗರದ ಅರುಣ್ ಕುಮಾರ್. ಮೂರು ವರ್ಷದ ಹಿಂದೆ ಮಲೇಷ್ಯಾದಲ್ಲಿ ನಡೆದ ಕಬಡ್ಡಿ ಲೀಗಿನ ಒಂದು ತಂಡಕ್ಕೆ ಅವನು ಅಸಿಸ್ಟೆಂಟ್ ಕೋಚ್. ಸಂಪತ್‌ನನ್ನು ಕರೆದುಕೊಂಡು ಹೋದವನೂ ಅವನೇ. ನಮ್ಮ ಮನೆಯಲ್ಲಿ ಕೂತು, ನಾನು ಬಡಿಸಿದ ಮುದ್ದೆ, ಬಸ್ಸಾರು ಉಂಡು, "ಇವನಿಗೆ ಹಿಂದಿ ಬರಲ್ಲ ಅಂತ ಹೆದರ್ಬೇಡಿ ಅಕ್ಕ, ನಾನಿರ್ತೀನಲ್ಲ" ಎಂದಿದ್ದ. ಅವನ ಬಾಯಿಗೆ ಮಣ್ಣು ಬೀಳ.

ಅಲ್ಲಿ ಸಂಪತ್‌ಗೆ ಜ್ವರ ಬಂತು. ನಾಲ್ಕನೇ ದಿನ ಬಿಸಿ ಇಳಿಯಿತು, ಆದರೆ ಎದೆ ಡವಡವ ಹೊಡೆದುಕೊಳ್ಳುವುದು ನಿಲ್ಲಲಿಲ್ಲ, ಕಾಲಲ್ಲಿ ಶಕ್ತಿಯಿರಲಿಲ್ಲ. ಅವತ್ತೇ ಸೆಮಿಫೈನಲ್. ಕೋಚ್ ಉತ್ತರ ಭಾರತದ ಕಡೆಯವನು. ಇವನ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ, ಆಡು ಎಂದ. ಇವನು ಪಾಪ, ತನಗೆ ಬರುತ್ತಿದ್ದ ಹಿಂದಿಯನ್ನೆಲ್ಲ ಸೇರಿಸಿ, "ಸಾರ್, ಮೈ ಹುಷಾರ್ ನಹೀ" ಎಂದ. ನಮಗೆ ಮೈ ಎಂದರೆ ದೇಹ. ಹಿಂದಿಯವರಿಗೆ ಮೈ ಎಂದರೆ ನಾನು, ಹುಷಾರ್ ಎಂದರೆ ಜಾಣ. ಇವನು ಹೇಳಿದ್ದು ಆರೋಗ್ಯ ಸರಿಯಿಲ್ಲ ಎಂದು, ಅವರಿಗೆ ಕೇಳಿಸಿದ್ದು ನಾನು ಜಾಣನಲ್ಲ ಎಂದು. ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೇನು ಗೊತ್ತು?

ಕೋಚ್ ಅರುಣನ ಕಡೆ ತಿರುಗಿ, ಏನು ಹೇಳುತ್ತಿದ್ದಾನೆ ಇವನು ಎಂದು ಕೇಳಿದ. ಅರುಣನೂ ನಕ್ಕ. ನಿಜವನ್ನೇ ಹೇಳುತ್ತಿದ್ದಾನೆ ಸಾರ್, ಜಾಣನಲ್ಲ, ಆದರೆ ಒಳ್ಳೆಯ ರೈಡರ್, ಕಳಿಸಿ ಎಂದ. ತಂಡ ಫೈನಲ್ ಸೇರಿದರೆ ಅವನ ಕೆಲಸ ಕಾಯಂ ಆಗುವುದಿತ್ತು. ಮೂರನೇ ರೈಡಿನಲ್ಲಿ ಸಂಪತ್ ಉಸಿರು ಕಟ್ಟಿ ಎದುರು ತಂಡದ ಅಂಕಣದಲ್ಲೇ ಬಿದ್ದ. ಜ್ವರ ಹೃದಯಕ್ಕೆ ಇಳಿದಿತ್ತು, ಆಗ ಆಡಲೇಬಾರದಿತ್ತು ಎಂದರು ಇಲ್ಲಿನ ಡಾಕ್ಟರು. ಇವನು ಒಂದು ವರ್ಷ ಬಾಯಿ ಬಿಡಲಿಲ್ಲ. ಆಮೇಲೆ ನನ್ನೊಬ್ಬಳಿಗೆ ಹೇಳಿದ. ಅಂದಿನಿಂದ ನನಗೆ ಬೇಕಾಗಿದ್ದು ಒಂದೇ: ಅರುಣ ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬೇಕು.

ಈ ನವೆಂಬರಿನಲ್ಲಿ ನಮ್ಮ ಬೀದಿಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಅವನಿಗೆ ಸನ್ಮಾನ ಇಟ್ಟುಕೊಂಡರು. ಹೊರದೇಶದಲ್ಲಿ ಕನ್ನಡದ ಹೆಸರು ಬೆಳಗಿದವನಂತೆ! ಹಳೆಯ ಆಟಗಾರ ಎಂದು ಸಂಪತ್‌ನನ್ನೂ ಎರಡು ಮಾತಾಡಲು ಕರೆದರು.

"ಬೇಡ ಬಿಡಕ್ಕ, ನಾನು ಹೋಗಲ್ಲ."

"ಹೋಗ್ತೀಯ. ಹೋಗಿ ಹೇಳ್ತೀಯ. ಇಲ್ಲಾಂದ್ರೆ ನಾನೇ ಮೈಕ್ ಕಿತ್ಕೊಂಡು ಹೇಳ್ತೀನಿ" ಎಂದೆ.

ಸನ್ಮಾನದ ಸಂಜೆ ಅರುಣ ಮೈಸೂರು ಪೇಟ ಹಾಕಿಸಿಕೊಂಡು, ಶಾಲು ಹೊದ್ದು ವೇದಿಕೆಯಲ್ಲಿ ಕೂತಿದ್ದ. ಅವನ ತಾಯಿ ಕಮಲಾಕ್ಷಮ್ಮ ಮುಂದಿನ ಸಾಲಿನಲ್ಲಿದ್ದರು. ಸಂಪತ್ ಮೈಕ್ ಹಿಡಿದು ನಿಧಾನವಾಗಿ ಮಲೇಷ್ಯಾದ ಕಥೆ ಹೇಳಿದ. ಹುಷಾರ್ ನಹೀ ಎಂದಾಗ ಜನ ಬಿದ್ದು ಬಿದ್ದು ನಕ್ಕರು. ನಗಲಿ ಎಂದುಕೊಂಡೆ.

"ಕೋಚ್‌ಗೆ ಕನ್ನಡ ಬರ್ತಿರ್ಲಿಲ್ಲ, ಅವರದೇನೂ ತಪ್ಪಿಲ್ಲ" ಎಂದ ಸಂಪತ್. "ಅವರು ಅರುಣನ್ನ ಕೇಳಿದ್ರು. ಇವನು ಏನು ಹೇಳ್ದ ಗೊತ್ತಾ?" ಅದನ್ನೂ ಹೇಳಿದ. ನಗು ನಿಂತುಹೋಯಿತು.

ಸಂಘದ ಅಧ್ಯಕ್ಷ ನಂಜುಂಡಪ್ಪ ಮೈಕ್ ತೆಗೆದುಕೊಳ್ಳಲು ಎದ್ದರು. "ಕೂತ್ಕೊಳ್ಳಿ ಸಾರ್, ಇನ್ನೂ ಮುಗಿದಿಲ್ಲ" ಎಂದು ನಾನು ಕೆಳಗಿನಿಂದಲೇ ಕೂಗಿದೆ. ಅಷ್ಟರಲ್ಲಿ ಕಮಲಾಕ್ಷಮ್ಮ ಎದ್ದು ನಿಂತಿದ್ದರು.

"ಅರುಣ, ಆ ಹುಡುಗ ಹುಷಾರಿಲ್ಲ ಅಂದಿದ್ದು ನಿಂಗೆ ಅರ್ಥ ಆಗ್ಲಿಲ್ವೇನೋ?"

ಅವನು ತಲೆ ತಗ್ಗಿಸಿ, "ಆಯ್ತಮ್ಮ" ಎಂದ.

ಸಂಪತ್ ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದ. "ಹಿಂದೆ ಕೂತವ್ರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

"ಅರ್ಥ ಆಗಿತ್ತು" ಎಂದ ಅರುಣ. ಈ ಸಲ ಬೀದಿಯ ಕೊನೆಯ ಮನೆಯವರೆಗೂ ಕೇಳಿಸಿತು.

ಕಮಲಾಕ್ಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಗನಿಗೆ ಕಾಯದೆ ಹೊರಟುಹೋದರು. ಅವರನ್ನು ನೋಡಿ ಅಯ್ಯೋ ಪಾಪ ಎನಿಸಿದ್ದು ನಿಜ. ಅರುಣ ವೇದಿಕೆಯಿಂದ ಒಂದೇ ನೆಗೆತಕ್ಕೆ ಹಾರಿ, ಅಮ್ಮಾ ಎನ್ನುತ್ತಾ ಜನರ ನಡುವೆ ನುಗ್ಗಿ ಓಡಿದ. ಅವನಿಗಿನ್ನೂ ಹಾಗೆ ಓಡಲು ಬರುತ್ತದಲ್ಲ ಎಂದು ನನ್ನ ಹೊಟ್ಟೆ ಮತ್ತೆ ಉರಿಯಿತು.