ಮೂಸದೆ ಮಾಡಿದ ಬಾಡು

ಚೆಲುವಿ ಮೊದಲ ಸಲ ವಾಂತಿ ಮಾಡಿಕೊಂಡಾಗ ನಾನು ಅವಳಿಗೆ ಬೈದೆ. ಹಬ್ಬದ ದಿನ, ಹೊಸ ಲಂಗ, ಆಗತಾನೆ ಸಾರಿಸಿದ ನೆಲ. "ಒಟ್ಟೆ ಬಿರಿಯೋ ಅಂಗೆ ತಿನ್ನು ಅಂತ ಯಾರು ಯೋಳುದ್ರು ನಿಂಗೆ?" ಎಂದು ಬೆನ್ನು ಸವರುತ್ತಲೇ ಗದರಿದೆ.

ಎರಡನೆಯ ಸಲಕ್ಕೆ ಬೈಗುಳ ಬಾಯಲ್ಲೇ ನಿಂತಿತು. ಆಮೇಲೆ ಬರೀ ನೀರು. ಮೇಲಿನಿಂದಲೂ ನೀರು, ಕೆಳಗಿನಿಂದಲೂ ನೀರು. ಹೊತ್ತು ಮುಳುಗುವ ಮೊದಲೇ ಎಂಟು ವರ್ಷದ ನನ್ನ ಮಗಳ ಕಣ್ಣು ಗುಳಿಬಿದ್ದವು.

ಕೈ ಹಿಡಿದರೆ ತಣ್ಣಗಿತ್ತು.

ನಾವಿರುವುದು ಕೆ.ಆರ್.ಎಸ್.ನಲ್ಲಿ, ಕಟ್ಟೆಯ ಕೆಲಸದವರ ಸಾಲುಮನೆಯಲ್ಲಿ. ಯಜಮಾನರು ಕರೆಂಟಿನ ಲೈನ್‌ಮನ್. ಹೊಣಕೆರೆ ಕಡೆಯ ಒಕ್ಕಲಮಗ ಕಂಬ ಹತ್ತಿ ದೀಪ ಹೊತ್ತಿಸುತ್ತಾನೆ ಎಂದು ಊರಲ್ಲಿ ಅವರಿಗೆ ದೊಡ್ಡ ಹೆಸರು. ಊರಿಗೆಲ್ಲ ಬೆಳಕು ಕೊಡುವವರ ಮನೆಯಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ. ಇದನ್ನು ನಾನು ಆಡಿ ತೋರಿಸಿದಾಗಲೆಲ್ಲ ಅವರಿಗೆ ಸಿಟ್ಟು ಬರುತ್ತದೆ. ಬರಲಿ, ಇದ್ದದ್ದನ್ನು ಅಂದರೆ ನನ್ನ ತಪ್ಪೇ?

ಆ ವಾರ ಪಿತೃಪಕ್ಷ. ತೀರಿಹೋದ ಮಾವನಿಗೆ ಎಡೆ ಇಡಬೇಕು. ಸಾಲಿನ ನಾಲ್ಕು ಮನೆಯವರು ಸೇರಿ ಒಂದು ಮೇಕೆ ಕುಯ್ದು, ಗುಡ್ಡೆ ಹಾಕಿ ಬಾಡು ಹಂಚಿಕೊಂಡೆವು. ಆದರೆ ಊರಿನಿಂದ ಬರಬೇಕಾದ ಯಜಮಾನರ ತಮ್ಮ, ನನ್ನ ಮೈದ, ಅಂದು ಬರಲಿಲ್ಲ. ನಾಳೆ ಬರುತ್ತೇನೆಂದು ಬಸ್ಸಿನವರ ಕೈಲಿ ಹೇಳಿಕಳಿಸಿದ. ಗಂಡುಮಕ್ಕಳಿಬ್ಬರೂ ನಿಲ್ಲದೆ ನಮ್ಮಲ್ಲಿ ಎಡೆ ಆಗುವುದಿಲ್ಲ.

"ಅರಿಸ್ನ ಉಪ್ಪು ಆಕಿ ಒಂದು ಕುದಿ ಬೇಯ್ಸಿ ಮಡಗನ," ಎಂದರು ಅತ್ತೆ.

"ಇವತ್ತು ಬೇಯ್ಸಿದ್ದು ನಾಳೀಕೆ ತಂಗಳಲ್ವೇನವ್ವಾ? ಅಪ್ಪಯ್ಯಂಗೆ ತಂಗಳು ಇಕ್ಕೀಯಾ?" ಎಂದರು ಯಜಮಾನರು. "ನಮ್ಮ ಇಂಜಿನೇರ್ ಸಾಹೇಬ್ರ ಬಂಗ್ಲೇಲಿ ತಣ್ಣನೆ ಪೆಟ್ಗೆ ಅದೆ, ಕರೆಂಟಲ್ಲಿ ಓಡ್ತದೆ. ಸಾಹೇಬ್ರು ಮೈಸೂರಿಗೆ ಓಗವ್ರೆ. ಅಡ್ಗೆಯವನು ನನ್ನ ಸ್ನೇಯಿತ. ಅದ್ರೊಳಗೆ ಮಡಗಿದ್ರೆ ಈಗ ಕುಯ್ದಂಗೆ ಇರ್ತದೆ."

"ಅದ್ಯಾವ ಪೆಟ್ಗೆಯೋ, ಅದೇನ್ ತಣ್ಣಗೋ!" ಎಂದು ಅತ್ತೆ ಗೊಣಗಿದರು. ಆದರೂ ತಂಗಳಿನ ಮಾತು ಅವರ ಬಾಯಿ ಕಟ್ಟಿತು. ಬಾಡು ಬಂಗಲೆಗೆ ಹೋಯಿತು.

ಸಂಜೆ ಗುಡುಗು ಮಳೆ. ಎಲ್ಲೋ ತಂತಿ ಹರಿದಿದೆಯೆಂದು ಕರೆ ಬಂತು, ಯಜಮಾನರು ಹೋದರು. ಮಳೆಗಾಲದಲ್ಲಿ ಅದು ಅವರಿಗೆ ದಿನದ ಕೆಲಸ, ನಾನು ಏನೂ ಅಂದುಕೊಳ್ಳಲಿಲ್ಲ. ನಮ್ಮ ಬುಡ್ಡಿ ಎಂದಿನ ಹಾಗೆ ಉರಿಯುತ್ತಿತ್ತು. ಬೆಳಿಗ್ಗೆ ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಬಂದವರು ಬಾಡಿನ ಪಾತ್ರೆ ನನ್ನ ಕೈಗಿಟ್ಟು ಮಲಗಿಬಿಟ್ಟರು.

ಬೇರೆ ದಿನವಾಗಿದ್ದರೆ ಬಾಡನ್ನು ಮೂಗಿನ ಹತ್ತಿರ ಹಿಡಿಯದೆ ನಾನು ಒಲೆಗೆ ಹಾಕುವವಳಲ್ಲ. ಎಡೆಯ ಅಡುಗೆಯನ್ನು ಮೂಸುವಂತಿಲ್ಲ. ಉಪ್ಪು ಕೂಡ ನೋಡುವಂತಿಲ್ಲ. ಹಿರಿಯರಿಗಿಂತ ಮೊದಲು ನಮ್ಮ ಮೂಗಾಗಲಿ ಬಾಯಾಗಲಿ ಅದನ್ನು ಮುಟ್ಟಬಾರದು. ಅತ್ತೆ ಮೂಗಿಗೆ ಅಡ್ಡ ಸೆರಗು ಕಟ್ಟಿಕೊಂಡರು, ನನಗೂ ಕಟ್ಟಿಸಿದರು. ಬಾಡು ತಣ್ಣಗಿತ್ತು. ಬೆರಳಿಗೆ ಒಂದಿಷ್ಟು ಲೋಳೆ ಹತ್ತಿತು. ಪೆಟ್ಟಿಗೆಯೊಳಗಿನ ನೀರಿರಬೇಕು ಎಂದುಕೊಂಡು ತೊಳೆದು, ಮಸಾಲೆ ಅರೆದು ಹಾಕಿದೆ.

ಡಾಕ್ಟರು ಲಿವರ್ ಅನ್ನುತ್ತಾರಲ್ಲ, ಆ ಈಲಿ ಎಂದರೆ ಮಾವನಿಗೆ ಪ್ರಾಣ. ಅದೂ ಹಂಚಿನ ಮೇಲೆ ಬಾಡಿಸಿದ, ಅರೆಬೆಂದ ಈಲಿ. ಹಾಗೆಯೇ ಮಾಡಿ ಎಡೆಯ ತುದಿಗೆ ಇಟ್ಟೆವು. ಬಾಗಿಲು ಮುಚ್ಚಿ, ಹಿರಿಯರು ಉಂಡರೆಂದು ತೆರೆದ ಮೇಲೆ ಅತ್ತೆ ಈಲಿಯನ್ನೆಲ್ಲ ಹಿರಿಮೊಮ್ಮಗಳಿಗೆ ತಮ್ಮ ಕೈಯಾರೆ ತಿನ್ನಿಸಿದರು. "ನಿಮ್ಮ ತಾತ ಉಂಡು ಮಿಗಿಸಿದ್ದು ಕಣವ್ವ, ತಿನ್ನು."

ಸಂಜೆಗೆ ಮೈದನಿಗೂ ಹೊಟ್ಟೆನೋವು, ನನಗೂ ತೊಳಸು. ನಾವು ತಡೆದುಕೊಂಡೆವು. ಮಗು ತಡೆಯಲಿಲ್ಲ.

ಸಾಲಿನಲ್ಲಿ ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು? ವಾಂತಿಭೇದಿ ಎಂದ ಕೂಡಲೇ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಹಿಂದಿನ ದಿನ ನಮ್ಮೊಡನೆ ಗುಡ್ಡೆ ಬಾಡು ಹಂಚಿಕೊಂಡವರೇ. ಅವರ ಜಾಗದಲ್ಲಿ ನಾನಾಗಿದ್ದರೂ ಹಾಕಿಕೊಳ್ಳುತ್ತಿದ್ದೆನೇನೋ. ಆದರೆ ಅಂದು ಆ ಮುಚ್ಚಿದ ಬಾಗಿಲುಗಳಿಗೆಲ್ಲ ಶಾಪ ಹಾಕುತ್ತ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಡಿಸ್ಪೆನ್ಸರಿಗೆ ನಡೆದೆ. ಹಿಂದೆ ಯಜಮಾನರು, ಅವರ ಹಿಂದೆ ಅತ್ತೆ.

ಕಾಂಪೌಂಡರ್ ಮೆಟ್ಟಿಲ ಮೇಲೇ ತಡೆದ. "ಕಾಲರಾ ಇದ್ದಂಗದೆ. ಒಳಗೆ ಬರಬ್ಯಾಡಿ. ಷೆಡ್ಡಿಗೆ ಕಳಿಸ್ಬೇಕು."

ಷೆಡ್ಡೆಂದರೆ ಊರಾಚೆಯ ತಗಡಿನ ಕೊಠಡಿ. ಕಾಲರಾದವರನ್ನು ಅಲ್ಲಿ ಬೇರೆ ಇಡುತ್ತಾರೆ. ಮನೆಯವರನ್ನು ಒಳಗೆ ಬಿಡುವುದಿಲ್ಲ. ಹೋದ ಬೇಸಗೆಯಲ್ಲಿ ಅಲ್ಲಿಗೆ ಹೋದ ನಮ್ಮ ಸಾಲಿನವರು ಯಾರೂ ನಡೆದುಕೊಂಡು ವಾಪಸು ಬಂದಿರಲಿಲ್ಲ. ನಾನು ಮಗುವನ್ನು ಅಪ್ಪಿಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಕೊಂದರೂ ಕೊಡುವುದಿಲ್ಲ ಎಂದು ಕಿರುಚಿದೆ.

ಗಲಾಟೆ ಕೇಳಿ ಡಾಕ್ಟರು ಹೊರಗೆ ಬಂದರು. ನಾಡಿ ಹಿಡಿದು, "ಪಲ್ಸ್ ತುಂಬ ವೀಕಾಗಿದೆ. ಮಗು ಏನು ತಿಂದಿತ್ತು?" ಎಂದು ಕೇಳಿದರು.

"ಮನೆ ಊಟ ಸ್ವಾಮಿ," ಎಂದರು ಯಜಮಾನರು.

"ಇರಿಯರ ಎಡೆ ಸ್ವಾಮಿ. ಎಡೆ ಉಂಡು ಯಾರ್ಗೂ ಕೇಡಾಗಾಕಿಲ್ಲ. ನಮ್ಮಿಂದ ಏನೋ ತಪ್ಪಾಗದೆ, ಅವ್ರು ಮುನಿಸ್ಕಂಡವ್ರೆ," ಎಂದರು ಅತ್ತೆ.

ನನಗೆ ರೇಗಿತು. ಸತ್ತವರ ಮುನಿಸು ಹಾಗಿರಲಿ, ಬದುಕಿರುವವರು ಬಾಯಿ ಬಿಡಬೇಡವೇ? "ಮೇಕೆ ಬಾಡು ಸ್ವಾಮಿ. ಈಲಿ ಇವಳೊಬ್ಳೇ ತಿಂದಿದ್ದು. ಮೈದಂಗೂ ನಂಗೂ ಒಟ್ಟೆ ಕೆಟ್ಟದೆ. ಆದ್ರೆ ಬಾಡು ಕೆಟ್ಟಿರಾಕಿಲ್ಲ. ನೆನ್ನೆಯಿಂದ ಬಂಗ್ಲೆಯ ತಣ್ಣನೆ ಪೆಟ್ಗೇಲಿ ಮಡಗಿದ್ವಿ."

ಯಜಮಾನರು ನನ್ನ ತೋಳು ಹಿಡಿದು ಅದುಮಿದರು.

ಡಾಕ್ಟರು ನನ್ನನ್ನೇ ನೋಡಿದರು. "ನಿನ್ನೆ ಸಂಜೆಯಿಂದ ಬೆಳಗಿನ ಜಾವದವರೆಗೆ ಕರೆಂಟು ಎಲ್ಲಿತ್ತಮ್ಮ? ನಾನೇ ಇಲ್ಲಿ ಲಾಂದ್ರ ಹಚ್ಚಿಕೊಂಡಿದ್ದೆ."

ನಾನು ಗಂಡನ ಕಡೆ ತಿರುಗಿದೆ. ಅವರು ನೆಲ ನೋಡಿದರು.

ಅವರಿಗೆ ಗೊತ್ತಿತ್ತು.

ಹರಿದ ತಂತಿಯನ್ನು ಬಿಗಿದವರೇ ಅವರು. ಕರೆಂಟಿಲ್ಲದೆ ಆ ಪೆಟ್ಟಿಗೆ ಬರಿಯ ಬೀರು ಎಂದು ಅವರಿಗೆ ತಿಳಿಯದೆ? ಕರೆಂಟು ಮರಳಿ ಬಂದು ಬಾಡು ಮತ್ತೆ ತಣ್ಣಗಾಯಿತು, ಅಷ್ಟು ಸಾಕೆನ್ನಿಸಿತಂತೆ. ಡಾಕ್ಟರ ಮುಂದೆ ಬಾಯಿ ಬಿಟ್ಟರೆ ಸಾಹೇಬರ ಪೆಟ್ಟಿಗೆಗೆ ಕೈಹಾಕಿದ್ದು ಗೊತ್ತಾಗಿ ಕೆಲಸ ಹೋದೀತೆಂದು ಹೆದರಿದರಂತೆ. ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನನಗೆ ಬಂದ ಸಿಟ್ಟಿಗೆ ಹೆಸರಿಲ್ಲ.

"ಅದೇ ಮೇಕೆಯನ್ನು ಬೇರೆ ಯಾರಾದರೂ ತಿಂದಿದ್ದಾರಾ?" ಎಂದು ಕೇಳಿದರು ಡಾಕ್ಟರು.

"ಸಾಲಿನ ಮೂರು ಮನೆಯವ್ರು ನೆನ್ನೇನೇ ಬೇಯ್ಸ್ಕಂಡು ತಿಂದ್ರು. ಕಲ್ಲುಗುಂಡಿನಂಗವ್ರೆ," ಎಂದೆ.

"ಷೆಡ್ಡು ಬೇಡ," ಎಂದರು ಡಾಕ್ಟರು ಕಾಂಪೌಂಡರಿಗೆ. "ಪಾಯ್ಸನಿಂಗ್. ಒಳಗೆ ಮಲಗಿಸಿ. ಸಲೈನ್ ತನ್ನಿ."

ತೊಡೆಗೆ ದಪ್ಪ ಸೂಜಿ ಚುಚ್ಚಿದರು. ಮಗು ಅಳಲಿಲ್ಲ. ಅಳುವಷ್ಟೂ ಶಕ್ತಿ ಅವಳಲ್ಲಿರಲಿಲ್ಲ. ಮೈಗೆ ಒಂದು ಮುಳ್ಳು ತಗುಲಿದರೆ ಸಾಲೆಲ್ಲ ಎಬ್ಬಿಸುತ್ತಿದ್ದ ಹುಡುಗಿ ಸುಮ್ಮನೆ ಸೂರು ನೋಡುತ್ತಿದ್ದಳು. ಅವಳ ತುಟಿಗೆ ಒದ್ದೆ ಬಟ್ಟೆ ಒತ್ತುತ್ತ ಕೂತೆ. ದೇವರೇ, ಇವಳು ಅಳುವಂಗೆ ಮಾಡಪ್ಪಾ ಎಂದು ಬೇಡಿಕೊಂಡೆ. ಮಗು ಅಳಲಿ ಎಂದು ತಾಯಿ ಬೇಡುವ ಹೊತ್ತು ಯಾರಿಗೂ ಬರುವುದು ಬೇಡ.

ಮರುದಿನ ಮಧ್ಯಾಹ್ನ ಸೂಜಿ ಬದಲಿಸುವಾಗ ಅವಳು ಕಿರುಚಿದಳು. ಡಾಕ್ಟರು ನಕ್ಕರು. ನಾನು ಅತ್ತುಬಿಟ್ಟೆ.

ಯಜಮಾನರು ಸಾಹೇಬರ ಹತ್ತಿರ ತಾವೇ ಹೋಗಿ ಎಲ್ಲ ಹೇಳಿದರು. ಬೇಕಾದಷ್ಟು ಬೈಸಿಕೊಂಡರು. ಕೆಲಸ ಉಳಿಯಿತು. ನಾನಿನ್ನೂ ಅವರೊಡನೆ ನೆಟ್ಟಗೆ ಮಾತಾಡಿಲ್ಲ. ಊಟಕ್ಕೆ ಬಡಿಸುತ್ತೇನೆ, ಅಷ್ಟೆ. ಮನಸ್ಸು ತಿಳಿಯಾಗುವುದಕ್ಕೆ ಸಮಯ ಬೇಕು. ಮಗು ಉಳಿದಿದೆ, ಅದೂ ಆದೀತು.

ಅತ್ತೆ ಮಾತ್ರ ಡಿಸ್ಪೆನ್ಸರಿಯ ಹೊರಜಗಲಿಯಿಂದ ಒಳಗೆ ಬಂದಿರಲಿಲ್ಲ. ತಿನ್ನಿಸಿದ್ದು ತಮ್ಮ ಕೈ ಎಂದು ಆ ಕೈಯನ್ನೇ ನೋಡಿಕೊಂಡು ಕೂತಿರುತ್ತಿದ್ದರು. ಎಡೆಯ ಮಾತೂ ಇಲ್ಲ, ಮುನಿಸಿನ ಮಾತೂ ಇಲ್ಲ.

ನಿನ್ನೆ ಮನೆಗೆ ಬಂದೆವು. ಇವತ್ತು ಬೆಳಿಗ್ಗೆ ಚೆಲುವಿ ಚಾಪೆಯ ಮೇಲಿಂದಲೇ, "ಅವ್ವಾ, ಅಸೀತದೆ," ಎಂದಳು.

ಆ ಮಾತಿಗಾಗಿ ಹರಕೆ ಹೊತ್ತಿದ್ದೆ. ಕೇಳಿದ ಕೂಡಲೇ ಗಂಜಿಯ ಬಟ್ಟಲು ತಂದೆ. ಆಗತಾನೆ ಕಾಸಿದ ರಾಗಿ ಗಂಜಿ, ನನ್ನ ಒಲೆಯದು, ನನ್ನ ಕೈಯದು. ಆದರೂ ಬಟ್ಟಲನ್ನು ಅವಳ ತುಟಿಯವರೆಗೆ ಒಯ್ಯಲು ಆಗಲಿಲ್ಲ. ನಿಂತಲ್ಲೇ ನಿಂತೆ.

ಅತ್ತೆ ಎದ್ದು ಬಂದು ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡರು. ಮೂಗಿಗೆ ಹಿಡಿದು ಮೂಸಿದರು. ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು. ಬಾಯಿ ಒರೆಸಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತರು.

"ನಂಗೇನೂ ಆಗ್ನಿಲ್ಲ ಕಣಮ್ಮಿ," ಎಂದರು. "ಈಗ ಮಗೀಗೆ ಕೊಡು."