ಮೊದಲ ಊಹೆ ಸೊನ್ನೆ

ಮುಂಬಯಿ ಬಳಿಯ ಡೊಂಬಿವಲಿಯ ತಂಗಿಯ ಮನೆಯಲ್ಲಿ ನಾನು ಗಣಿತದ ಕುಲಗುರು. ಸಮೀಕರಣದ ಉತ್ತರವನ್ನು ಊಹಿಸಿ, ತಿದ್ದುತ್ತ ಹೋಗುವ ಪಾಠದಲ್ಲಿ ಅವಳ ಮಗಳಿಗೆ ಅಂತರವನ್ನು ಅರ್ಧರ್ಧ ಮಾಡುವ ವಿಧಾನವೇ ಇಷ್ಟ.

“ಅದು ದಿವಾ ಸೇರಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ಟ್ರೈನು. ಇಳಿಜಾರಿನಿಂದ, ಅಂದರೆ ಸ್ಲೋಪಿನಿಂದ, ಭಾಗಿಸಿ ತಿದ್ದುವುದೇ ಫಾಸ್ಟ್. ಮೊದಲ ಊಹೆ ಯಾವಾಗಲೂ ಸೊನ್ನೆ,” ಎಂದು ಅಪ್ಪಣೆ ಕೊಡಿಸಿದ್ದೆ.

ಪರೀಕ್ಷೆ ಮುಗಿಸಿ ಬಂದವಳು ಬಾಗಿಲಲ್ಲೇ ಮೆಲ್ಲಗೆ ಹೇಳಿದಳು: “ಮಾಮಾ, ಝೀರೋದಲ್ಲಿ ಸ್ಲೋಪೇ ಝೀರೋ. ಡಿವೈಡ್ ಕೈಸೆ ಕರೂಂ? ಅಲ್ಲೇ ಪೂರಾ ಟೈಮ್ ಗಯಾ. ಫೇಲ್ ಪಕ್ಕಾ.”

ಸೊನ್ನೆಯಿಂದ ಭಾಗಿಸುವುದು ಕುಲಗುರುವಿನಿಂದಲೂ ಆಗದು.

ಅಷ್ಟರಲ್ಲಿ ತಂಗಿ ನನಗೆ ಕಾಫಿ ತಂದಳು. “ಮಾಮಾ ಕಲಿಸಿದ್ದು ಪರೀಕ್ಷೆಯಲ್ಲಿ ಬಂತಾ ಮಗಾ?”

ಹುಡುಗಿ ನನ್ನನ್ನೊಮ್ಮೆ ನೋಡಿದಳು. “ಬಂದಿತ್ತು ಮಮ್ಮಿ. ಮೈ ಹೀ ಭೂಲ್ ಗಯೀ, ನಾನೇ ಮರೆತುಬಿಟ್ಟೆ.”

“ನಿನ್ನದು ಯಾವಾಗಲೂ ಇದೇ!” ಎಂದು ತಂಗಿ ಅವಳನ್ನು ಗದರಿದಳು.

ನಾನು ಬಾಯಿ ತೆರೆದದ್ದು ಕಾಫಿ ಕುಡಿಯಲು ಮಾತ್ರ.