ಮಾವನ ಕ್ಯಾಮೆರಾಕ್ಕೆ ಚರ್ಮದ ಅಂಗಿ

ಕೈಗೆ ಒಂದು ಒಳ್ಳೆಯ ಕ್ಯಾಮೆರಾ ಬಂದು ಏಳು ತಿಂಗಳಾದರೂ ನಾನು ಅದರಿಂದ ಒಂದು ಇರುವೆಯ ಚಿತ್ರವನ್ನೂ ತೆಗೆದಿರಲಿಲ್ಲ. ಇದನ್ನು ನಾಚಿಕೆಯಿಂದ ಹೇಳುತ್ತಿದ್ದೇನೆಂದು ಭಾವಿಸಬೇಡಿ. ಕ್ಯಾಮೆರಾ ಇಟ್ಟುಕೊಂಡವರಲ್ಲಿ ಬಹುಪಾಲು ಮಂದಿ ನನ್ನಂಥವರೇ. ನಾನು ಒಪ್ಪಿಕೊಳ್ಳುತ್ತೇನೆ, ಅವರು ಲೆನ್ಸಿನ ಬಗ್ಗೆ ಮಾತಾಡುತ್ತಾರೆ, ಅಷ್ಟೇ ವ್ಯತ್ಯಾಸ. ಹಾಗಾದರೆ ಏಳು ತಿಂಗಳು ಏನು ಮಾಡುತ್ತಿದ್ದೆ? ಅದಕ್ಕೊಂದು ಚರ್ಮದ ಕೇಸು ಹುಡುಕುತ್ತಿದ್ದೆ.

ಇದು ರೇಂಜ್‌ಫೈಂಡರ್ ಎಂಬ ಜಾತಿಯ ಹಳೆಯ ಫಿಲಂ ಕ್ಯಾಮೆರಾ. ಇದರಲ್ಲಿ ನಾವು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸು ಬೇರೆ. ಕಿಂಡಿಗೆ ಕಣ್ಣಿಟ್ಟರೆ ಎದುರಿನ ಮನುಷ್ಯ ಇಬ್ಬರಾಗಿ ಕಾಣುತ್ತಾನೆ: ಒಬ್ಬ ಗಟ್ಟಿಯವನು, ಇನ್ನೊಬ್ಬ ಅವನ ಪಕ್ಕ ತೇಲುವ ಮಸುಕು ತಮ್ಮ. ಲೆನ್ಸಿನ ಬಳೆ ತಿರುಗಿಸುತ್ತ, ಆಸ್ತಿ ಪಾಲಾದ ಅಣ್ಣತಮ್ಮಂದಿರನ್ನು ಮದುವೆಮನೆಯಲ್ಲಿ ಅಕ್ಕಪಕ್ಕ ಕೂರಿಸಿದ ಹಾಗೆ, ಇಬ್ಬರನ್ನೂ ಒಬ್ಬನ ಮೇಲೊಬ್ಬನನ್ನು ತಂದು ನಿಲ್ಲಿಸಿದರೆ ಫೋಕಸ್ ಆಯಿತೆಂದು ಅರ್ಥ. ಇಷ್ಟು ಕಷ್ಟಪಟ್ಟು ಒಂದು ಮುಖ ನೋಡಬೇಕೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಇಂಥ ಕ್ಯಾಮೆರಾ ಕೊರಳಿಗೆ ಹಾಕಿಕೊಂಡರೆ ನೋಡುವವರು ನಮ್ಮನ್ನು ಕಲಾವಿದರೆಂದು ತಿಳಿಯುತ್ತಾರೆಂದು ಗೊತ್ತಾದ ಮೇಲೆ ಕೇಳುವುದನ್ನು ಬಿಟ್ಟೆ.

ಇದರ ಒಡೆಯರು ಭದ್ರಾವತಿಯ ನನ್ನ ಸೋದರಮಾವ ರುದ್ರಪ್ಪನವರು. ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದವರು. ಸಾಮಾನು ಇರುವುದು ಒಳಗಿಡುವುದಕ್ಕೆ, ಕೇಳಿದವರಿಗೆ ತೆಗೆದುಕೊಡುವುದು ಆಡಳಿತದ ದೌರ್ಬಲ್ಯ ಎಂದು ನಂಬಿದವರು. ಯಂತ್ರ ಕೂಡಿಸಲು ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ಊರಿಗೆ ಮರಳುವಾಗ ಅವರಿಗೆ ಈ ಕ್ಯಾಮೆರಾ ಕೊಟ್ಟುಹೋದನಂತೆ. ಚರ್ಮದ ಕೇಸನ್ನು ಮಾತ್ರ ತಾನೇ ಇಟ್ಟುಕೊಂಡನಂತೆ. ಅಂದಿನಿಂದ ನಲವತ್ತು ವರ್ಷ ಅದು ಬೀರುವಿನಲ್ಲಿ ಟರ್ಕಿ ಟವೆಲ್ ಸುತ್ತಿಕೊಂಡು ಮಲಗಿತ್ತು.

ಮಾವ ಮಾತಿಗೆ ಮೊದಲು ಮೂರು ಸಲ ಕೆಮ್ಮುತ್ತಾರೆ. ಮೊದಲನೆಯದು ನಿಮ್ಮನ್ನು ನಿಲ್ಲಿಸಲು, ಎರಡನೆಯದು ಕೂರಿಸಲು, ಮೂರನೆಯದು ನಿಮ್ಮ ಅಭಿಪ್ರಾಯವನ್ನು ವಾಪಸ್ ಪಡೆಯಲು. ಈ ಕೆಮ್ಮನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತೇನೆಂದರೆ, ಒಮ್ಮೆ ಫೋನಿನಲ್ಲಿ ಮಾಡಿದಾಗ ಅವರ ಹೆಂಡತಿ ಗಿರಿಜತ್ತೆ, "ಊಟಕ್ಕೆ ಬರ್ತೀರೇನ್ರೀ?" ಎಂದು ಕೇಳಿದ್ದರು. ಅವತ್ತು ಕ್ಯಾಮೆರಾ ನನ್ನ ಕೈಗಿಡುವಾಗ ಮೂರು ಕೆಮ್ಮೂ ಆದವು.

"ಕ್ಯಾಮೆರಾ ಇನ್ನು ನಿಂದೇ. ಆದ್ರೆ ಮೊದ್ಲು ಇದಕ್ಕೊಂದು ಲೆದರ್ ಕೇಸ್ ಆಗ್ಬೇಕು. ಮುಂದುಗಡೆ ಪೂರ್ತಿ ಮುಚ್ಚೋ ಅಂಥದ್ದು. ಅಲ್ಲೀತನಕ ಒಂದು ಫೋಟೋನೂ ತೆಗಿಯಂಗಿಲ್ಲ. ಆಯುಧಪೂಜೆ ಹೊತ್ತಿಗೆ ಕೇಸ್ ಇಲ್ಲ ಅಂದ್ರೆ ವಾಪಸ್ ಬೀರುಗೆ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. "ಕೇಸೂ ಬೇಡ ಗೀಸೂ ಬೇಡ. ಮೊದ್ಲು ನಂದೊಂದು ಫೋಟೋ ತೆಗಿಯೋ. ನಾನೂ ಈ ಕ್ಯಾಮೆರಾನೂ ಒಂದೇ ವರ್ಷ ಈ ಮನೆಗೆ ಬಂದಿದ್ದು. ಇವತ್ತಿನವರೆಗೂ ಅದ್ರಲ್ಲಿ ನಂದೊಂದು ಫೋಟೋ ಇಲ್ಲ."

"ಸ್ವಲ್ಪ ತಡಿ ಮಾರಾಯ್ತಿ."

"ನಲವತ್ತು ವರ್ಷದಿಂದ ತಡೀತಾನೇ ಇದೀನಲ್ರೀ," ಎಂದರು ಅತ್ತೆ. ಅದು ತಮಾಷೆಯೆಂದು ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಮಾವನನ್ನೊಬ್ಬರನ್ನೇ ಆಡಿಕೊಂಡು ಏನು ಪ್ರಯೋಜನ? ನಮ್ಮ ಶಿವಮೊಗ್ಗದ ಮನೆಗಳಿಗೆ ಹೋಗಿ ನೋಡಿ. ಟಿವಿಯ ರಿಮೋಟು ಪ್ಲಾಸ್ಟಿಕ್ ಕವರಿನಲ್ಲಿದೆ. ಟಿವಿ ಕೆಟ್ಟು ಗುಜರಿಗೆ ಹೋದರೂ ರಿಮೋಟು ಹೊಸದಾಗಿದೆ. ಸೋಫಾದ ಮೇಲೆ ಕವರು, ಕವರಿನ ಮೇಲೆ ಬೆಡ್‌ಶೀಟು, ಬೆಡ್‌ಶೀಟಿನ ಮೇಲೆ ಟವೆಲು. ಆ ಸೋಫಾದ ನಿಜವಾದ ಬಣ್ಣವನ್ನು ಕಂಡವನು ಅಂಗಡಿಯವನೊಬ್ಬನೇ. ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ಕನ್ನು ಕಾರು ಮಾರುವ ದಿನ ತೆಗೆಯುತ್ತಾರೆ, ಕೊಳ್ಳುವವನಿಗೆ ಹೊಸ ಸೀಟು ತೋರಿಸಲು. ಇದನ್ನೆಲ್ಲ ಕಂಡು ನಗುವ ನನ್ನದೇ ಫೋನಿಗೆ ಹಿಂದೊಂದು ರಬ್ಬರ್ ಕವಚ, ಮುಂದೊಂದು ಗಾಜಿನ ಕವಚ. ಎರಡು ಸಲ ಬಿದ್ದು ಗಾಜು ಒಡೆದಾಗ, ಅದು ನನಗಾಗಿ ಪ್ರಾಣ ಬಿಟ್ಟಿತೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಇದು ನಮ್ಮ ರಕ್ತದಲ್ಲೇ ಬಂದದ್ದು. ಕವಚವೆಂಬ ಹೆಸರಿನ ಪ್ರಾರ್ಥನೆಗಳನ್ನು ಕೇಳಿದ್ದೀರಲ್ಲ? ತಲೆಯನ್ನು ಕಾಪಾಡು, ಹಣೆಯನ್ನು ಕಾಪಾಡು, ಮೂಗನ್ನು ಕಾಪಾಡು ಎಂದು ಅಂಗಾಂಗದ ಹೆಸರು ಹಿಡಿದು ದೇವರಿಗೆ ಅರ್ಜಿ ಹಾಕುತ್ತೇವೆ. ಹೇಳದಿದ್ದರೆ ಸರ್ವಜ್ಞನಾದ ಭಗವಂತ ನಮ್ಮ ಮೊಣಕೈಯನ್ನು ಮರೆತುಬಿಡುತ್ತಾನೆಂಬ ಭಯ.

ಇನ್ನು ಚರ್ಮದ ಮಾತು. ನಮ್ಮ ಮನೆಯಲ್ಲಿ ಚರ್ಮದ ವಸ್ತು ದೇವರಕೋಣೆಯ ಹೊಸ್ತಿಲು ದಾಟುವಂತಿಲ್ಲ, ಬೆಲ್ಟು ಕೂಡ. ಒಳಗಿನ ಪಟದಲ್ಲಿ ಶಿವ ಆನೆಯ ಚರ್ಮ ಹೊದ್ದು ಹುಲಿಯ ಚರ್ಮದ ಮೇಲೆ ಆರಾಮಾಗಿ ಕೂತಿದ್ದಾನೆ. ಅವನಿಗೆ ಅದನ್ನು ಹೊರಗೆ ಬಿಟ್ಟು ಬಾ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬಂದಿಲ್ಲ. ಆಯುಧಪೂಜೆಯ ದಿನ ಕ್ಯಾಮೆರಾವನ್ನು ಕೇಸು ಬಿಚ್ಚಿ ಒಳಗಿಡಬೇಕು, ಕೇಸು ಹೊರಗೆ ಕಾಯಬೇಕು ಎಂದು ಮಾವ ಆಗಲೇ ತೀರ್ಪು ಕೊಟ್ಟಿದ್ದರು. ಇನ್ನೂ ಹುಟ್ಟದ ಕೇಸಿಗೆ ಇಷ್ಟು ಶಾಸ್ತ್ರ.

ಮೊದಲು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅಲ್ಲಿ ಎರಡು ಪಂಥಗಳಿವೆ. ಒಂದು ಪೂರ್ತಿ ಕೇಸಿನವರದು: ಕ್ಯಾಮೆರಾಕ್ಕೆ ಅಡಿಯಿಂದ ಮುಡಿಯವರೆಗೆ ನಿಲುವಂಗಿ. ಗುಂಡಿ ಬಿಚ್ಚಿ ಮುಂಭಾಗವನ್ನು ಕೆಳಗಿಳಿಸಿ ಕಣ್ಣಿಡುವಷ್ಟರಲ್ಲಿ ಎದುರು ನಗುತ್ತಿದ್ದ ಮಗು ಹೈಸ್ಕೂಲು ಸೇರಿರುತ್ತದೆ. ಇನ್ನೊಂದು ಅರ್ಧ ಕೇಸಿನವರದು: ಸೊಂಟದ ಕೆಳಗೆ ಮಾತ್ರ ಚರ್ಮ, ಮೇಲೆಲ್ಲ ಬಯಲು. ಲೆನ್ಸನ್ನು ಬಿಸಿಲು ಮಳೆಗೆ ಬಿಟ್ಟು ತಳವನ್ನು ಮಾತ್ರ ಕಾಪಾಡುವ ಇದು ಯಾವ ಸೀಮೆಯ ರಕ್ಷಣೆ? ಆದರೆ ಆ ಪಂಥದವರು ಬರೆಯುವ ವಿಮರ್ಶೆ ಓದಬೇಕು. ‘ಈ ಚರ್ಮ ನನ್ನೊಂದಿಗೆ ವಯಸ್ಸಾಗುತ್ತಿದೆ’ ಎಂದು ಒಬ್ಬ ಬರೆದಿದ್ದ. ಅವನು ತೆಗೆದ ಚಿತ್ರಗಳನ್ನು ಹುಡುಕಿದೆ. ಎಲ್ಲವೂ ಆ ಕೇಸಿನವೇ, ತೆಗೆದದ್ದು ಫೋನಿನಲ್ಲಿ.

ಒಂದನ್ನು ತರಿಸಿದೆ. ಮಾವ ಅದನ್ನು ಮೂಗಿಗೆ ಹಿಡಿದು, ಬೆರಳಲ್ಲಿ ಮಡಿಸಿ, ಬೆಳಕಿಗೆ ಎತ್ತಿ ನೋಡಿ, ಮೇಜಿನ ಮೇಲೆ ಬಿಸಾಕಿದರು. "ಇದು ಚರ್ಮ ಅಲ್ಲ ಕಣೋ, ಚರ್ಮದ ಫೋಟೋ."

ಆಮೇಲೆ ಶಿವಮೊಗ್ಗದ ಗಾಂಧಿ ಬಜಾರು. ಬ್ಯಾಗಿನಂಗಡಿಯ ಸೇಲ್ಸ್‌ಮನ್ ನನ್ನ ಕ್ಯಾಮೆರಾವನ್ನು ನೋಡಿದ ಕೂಡಲೇ, "ಅಸಲಿ ಚಮ್ಡಾ ಬಾಸ್, ಗ್ಯಾರಂಟಿ!" ಎಂದು ಸೊಂಟಕ್ಕೆ ಕಟ್ಟುವ ಮೊಬೈಲ್ ಚೀಲ ತೆಗೆದ. ಹಿಡಿಸಲಿಲ್ಲ. ಶೇವಿಂಗ್ ಸೆಟ್ಟಿನ ಪೆಟ್ಟಿಗೆ ತೆಗೆದ. ಅದು ಮುಚ್ಚಲಿಲ್ಲ. ಕೊನೆಗೆ ಮಣಿ ಹೊಲಿದ ಹೆಂಗಸರ ಪರ್ಸೊಂದರೊಳಗೆ ಕ್ಯಾಮೆರಾವನ್ನು ತಳ್ಳಿ, ಜಿಪ್ ಎಳೆದು, ನನ್ನ ಹೆಗಲಿಗೆ ತೂಗುಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಏಕ್‌ದಂ ಕರೆಕ್ಟ್! ನಿಮಗಂತಲೇ ಮಾಡಿದಂಗಿದೆ."

"ಮಣಿ ಹೊಲಿದಿದಾರಲ್ಲ ಮಾರಾಯ."

"ಮಣಿ ಒಳಗಡೆ ತಿರುಗಿಸ್ಕೊಳಿ ಬಾಸ್, ಯಾರು ನೋಡ್ತಾರೆ?"

ಅವನ ಆತ್ಮವಿಶ್ವಾಸವನ್ನು ನಾನು ಅಲ್ಲೇ ಕನ್ನಡಿಯ ಮುಂದೆ ಅನುಕರಿಸಿ ತೋರಿಸಿದೆ. ಅವನು ಬೇಜಾರಾಗುವ ಬದಲು, "ಸೂಪರ್ ಬಾಸ್, ಭಾನುವಾರ ರಶ್ ಇರುತ್ತೆ, ಬರ್ತೀರಾ?" ಎಂದ.

ಕೊನೆಗೆ ಭದ್ರಾವತಿಯಲ್ಲೇ, ಸೇತುವೆಯ ಹತ್ತಿರ, ಮುನಿಸ್ವಾಮಣ್ಣ ಸಿಕ್ಕಿದರು. ಕುಲುಮೆಯ ಮುಂದೆ ನಿಲ್ಲುವ ಕೆಲಸಗಾರರಿಗೆ ಚರ್ಮದ ಕೈಗವಸು, ಏಪ್ರನ್ ಹೊಲಿದು ಮುದುಕರಾದವರು. ಅವರು ಚರ್ಮ ಮುಟ್ಟುವುದನ್ನು ನೋಡಿದರೆ ಸಾಕು, ಇವರಿಗೆ ಯಾರೂ ಮೋಸ ಮಾಡಲಾರರೆಂದು ಗೊತ್ತಾಗುತ್ತಿತ್ತು. ಕ್ಯಾಮೆರಾವನ್ನು ತಿರುಗಿಸಿ ನೋಡಿ ನನಗೇ ವಾಪಸ್ ಕೊಟ್ಟರು.

"ಹಿಡ್ಕೊಂಡು ತೋರ್ಸು ತಂಬಿ. ಫೋಟೋ ಹೊಡಿಯೋವಾಗ ಹೆಂಗೆ ಹಿಡೀತೀಯ?"

ಹಿಡಿದೆ. ಅವರು ಸೂಜಿ ಕೆಳಗಿಟ್ಟು ನಕ್ಕರು. "ಮಗೂಗೆ ಸ್ನಾನ ಮಾಡ್ಸೋ ಹಂಗೆ ಹಿಡ್ದಿದ್ದೀಯಲ್ಲಪಾ! ಇದ್ರಲ್ಲಿ ಒಂದು ಫೋಟೋನೂ ಹೊಡ್ದಿಲ್ಲ ನೀನು."

"ಕೇಸ್ ಆದ್ಮೇಲೆ ಹೊಡೀತೀನಿ."

"ಹೊಡ್ದ್‌ಮೇಲೆ ಬಾ, ಕೇಸ್ ಹೊಲೀತೀನಿ. ಬೆರಳು ಎಲ್ಲಿ ಕೂರುತ್ತೆ, ಹೆಬ್ಬೆಟ್ಟು ಎಲ್ಲಿ ತಿರುಗುತ್ತೆ, ನಂಗೆ ಹೆಂಗೆ ತಿಳಿಯೋದು? ಕೈ ನೋಡ್ದೆ ನಾನು ಗ್ಲೌಸೇ ಹೊಲ್ದಿಲ್ಲ. ಒಂದು ರೋಲ್ ಹೊಡ್ಕೊಂಡು ಬಾ, ಹೋಗು."

ನನ್ನ ಪರಿಸ್ಥಿತಿ ನೋಡಿ. ಕೇಸಿಲ್ಲದೆ ಫೋಟೋ ಇಲ್ಲವೆಂದು ಮಾವ, ಫೋಟೋ ಇಲ್ಲದೆ ಕೇಸಿಲ್ಲವೆಂದು ಮುನಿಸ್ವಾಮಣ್ಣ. ಇಬ್ಬರು ಹಟಮಾರಿ ಮುದುಕರ ನಡುವೆ ಅತ್ತೆಯ ಫೋಟೋ ಸಿಕ್ಕಿಕೊಂಡಿತ್ತು, ಆಯುಧಪೂಜೆಗೆ ಮೂರೇ ವಾರ ಉಳಿದಿತ್ತು. ಅತ್ತೆಗೆ ವಿಷಯ ಹೇಳಿದೆ. ಅವರು ಕ್ಷಣವೂ ಯೋಚಿಸಲಿಲ್ಲ.

"ನಾಳೆ ನಿಮ್ಮಾವ ಸೋಗಾನೆಗೆ ವಿಮಾನ ನೋಡೋಕೆ ಹೋಗ್ತಾರೆ. ಬೆಳಿಗ್ಗೆ ಹೋದ್ರೆ ಮಧ್ಯಾಹ್ನದವರೆಗೂ ಬರಲ್ಲ. ರೋಲ್ ತಗೊಂಡು ಬಾ."

ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದಮೇಲೆ ಮಾವನೂ ಅವರ ನಿವೃತ್ತ ಗೆಳೆಯರೂ ಆಗಾಗ ಅಲ್ಲಿಗೆ ಹೋಗಿ, ಬೇಲಿಯ ಈಚೆ ನಿಂತು, ಯಾರೋ ಇಳಿಯುವುದನ್ನು ನೋಡಿ ಮರಳುತ್ತಾರೆ. ಟಿಕೆಟ್ಟಿಲ್ಲದೆ ವಿಮಾನಯಾನದ ಆಯಾಸ ಅನುಭವಿಸುವ ಕಲೆ ಅವರಿಗೆ ಸಿದ್ಧಿಸಿದೆ. ಅವತ್ತು ಅವರು ಅತ್ತ ಹೋದರು, ಇತ್ತ ನಾನು ಅತ್ತೆಯ ಮೂವತ್ತಾರು ಚಿತ್ರ ತೆಗೆದೆ. ಅತ್ತೆ ಮೂರು ಸೀರೆ ಬದಲಿಸಿದರು. ತುಳಸಿಕಟ್ಟೆಯ ಪಕ್ಕ, ಜೋಕಾಲಿಯ ಮೇಲೆ, ಓದದ ಪುಸ್ತಕ ಕೈಯಲ್ಲಿ ಹಿಡಿದು. ನಾನು ಕಿಂಡಿಯಲ್ಲಿ ಇಬ್ಬರು ಅತ್ತೆಯರನ್ನು ಒಬ್ಬರಾಗಿಸುತ್ತ, "ಗಲ್ಲ ಸ್ವಲ್ಪ ಕೆಳಗೆ, ಹಾಂ, ಹಂಗೇ," ಎಂದು ಮದುವೆ ಫೋಟೋಗ್ರಾಫರ್ ದನಿಯಲ್ಲಿ ಅಪ್ಪಣೆ ಕೊಡುತ್ತಿದ್ದೆ.

ರೋಲನ್ನು ಬೆಂಗಳೂರಿನ ಲ್ಯಾಬೊಂದಕ್ಕೆ ಕೊರಿಯರ್ ಮಾಡಿದೆ. ವಾರದ ಮೇಲೆ ಸಂದೇಶ ಬಂತು: ‘ಸರ್, ರೋಲ್ ಪೂರ್ತಿ ಖಾಲಿ ಇದೆ.’ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಂಥ ಬೇಜವಾಬ್ದಾರಿ ಲ್ಯಾಬಿಗೆ ಒಂದೇ ನಕ್ಷತ್ರ ಕೊಟ್ಟು, ಮರ್ಯಾದೆ ತೆಗೆಯುವ ನಾಲ್ಕು ಸಾಲು ಟೈಪು ಮಾಡಿದೆ. ಕಳಿಸುವ ಮುನ್ನ ಇನ್ನೊಂದು ಬೈಗುಳ ನೆನಪಾಗಲೆಂದು ಮೇಜಿನ ಕಡೆ ನೋಡಿದೆ. ಕ್ಯಾಮೆರಾ ಕೂತಿತ್ತು. ಲೆನ್ಸಿನ ಮೇಲೆ ಕಪ್ಪು ಮುಚ್ಚಳ ಹಾಗೇ ಇತ್ತು. ಕಿಂಡಿ ಬೇರೆ, ಲೆನ್ಸು ಬೇರೆ ಎಂದು ಊರಿಗೆಲ್ಲ ಪಾಠ ಹೇಳಿದ ಪಂಡಿತ, ಮುಚ್ಚಳ ತೆಗೆಯದೆ ಮೂವತ್ತಾರು ಸಲ ಕ್ಲಿಕ್ಕಿಸಿದ್ದೆ.

ಭದ್ರಾವತಿಗೆ ಹೊಸ ರೋಲು ಹಾಕಿಕೊಂಡು ಹೋದೆ. ಮಾವ ಮನೆಯಲ್ಲೇ ಇದ್ದರು. ಸುಳ್ಳು ಹೇಳಲು ಯಾರ ದನಿಯೂ ಒದಗಲಿಲ್ಲ. ನನ್ನದೇ ದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಬೈಗುಳಕ್ಕೆ ಕಾದೆ. ಮಾವ ಕೆಮ್ಮಲೂ ಇಲ್ಲ. ಅತ್ತೆಯ ಕಡೆ ನೋಡದೆ ಹೇಳಿದರು:

"ಲಕ್ಕವಳ್ಳಿ ಡ್ಯಾಮಲ್ಲಿ ನಾನೂ ಅದನ್ನೇ ಮಾಡಿದ್ದು."

ಮದುವೆಯಾದ ಹೊಸತರಲ್ಲಿ ಇಬ್ಬರೂ ಭದ್ರಾ ಅಣೆಕಟ್ಟು ನೋಡಲು ಹೋಗಿದ್ದರಂತೆ. ಅತ್ತೆಯದೇ ಒಂದು ಇಡೀ ರೋಲು. ಎಲ್ಲ ಖಾಲಿ.

"ಸ್ಟುಡಿಯೋದವನು ಕೆಡಿಸ್ದ ಅಂದಿದ್ರಿ!" ಎಂದರು ಅತ್ತೆ.

"ಅಂದಿದ್ದೆ."

"ಅವನ ಹತ್ರ ಮಾತು ಬಿಟ್ರಿ! ಮಗನ ನಾಮಕರಣಕ್ಕೂ ಕರೀಲಿಲ್ಲ ಪಾಪ, ಎದುರುಮನೆಯವನ್ನ!"

"ಅದಕ್ಕೇ ಕಣೇ ಕೇಸ್ ಅಂದಿದ್ದು. ಪೂರ್ತಿ ಕೇಸ್ ಇದ್ರೆ ಮುಚ್ಚಳನೇ ಬೇಡ. ಕೇಸ್ ಮುಚ್ಚಿದ್ರೆ ನೋಡೋ ಕಿಂಡೀನೂ ಮುಚ್ಚುತ್ತೆ, ತೆಗೀದೇ ಫೋಟೋ ಹೊಡಿಯೋಕೇ ಆಗಲ್ಲ. ಇವನಿಗೂ ಹಂಗಾಗ್ಬಾರ್ದು ಅಂತ..."

ಏಳು ತಿಂಗಳು ನಾನು ಮಾವನ ಹಟವನ್ನು ನಾಲ್ಕು ಜನರ ಮುಂದೆ ಆಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಮುಂದುಗಡೆ ಪೂರ್ತಿ ಯಾಕೆ ಮುಚ್ಚಬೇಕು ಎಂದು ಒಂದು ಸಲವೂ ಕೇಳಿರಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ, ಆ ಮಾತು ಬೇರೆ.

ಅತ್ತೆಗೆ ನಗು ತಡೆಯಲಾಗಲಿಲ್ಲ. "ಡ್ಯಾಮಲ್ಲೂ ಮುಂದೆ ಕಪ್ಪು ಮುಚ್ಚಳ ಇತ್ತು, ಮೊನ್ನೆ ಇವನ ಕೈಲೂ ಇತ್ತು. ನಾನು ನೋಡ್ತಾನೇ ಇದ್ದೆ. ಈ ಕ್ಯಾಮೆರಾ ಇರೋದೇ ಹಂಗೆ ಅಂದ್ಕೊಂಡಿದ್ದೆ!" ಎಂದು ಕಣ್ಣೊರೆಸಿಕೊಂಡು, ಕೈ ಚಾಚಿ ನನ್ನ ಕ್ಯಾಮೆರಾದಿಂದ ಮುಚ್ಚಳವನ್ನು ಕಿತ್ತು ಬಲಗೈಯಲ್ಲಿ ಹಿಡಿದುಕೊಂಡರು. ಕ್ಯಾಮೆರಾವನ್ನು ಮಾವನ ಕೈಗೆ ಕೊಡಿಸಿ ಬಾಗಿಲ ಬೆಳಕಿನಲ್ಲಿ ನಿಂತರು. "ಈಗ ತೆಗೀರಿ. ನೀವೇ ತೆಗೀರಿ."

ಮಾವ ಬಳೆ ತಿರುಗಿಸಿದರು, ತಿರುಗಿಸಿದರು, ತಿರುಗಿಸುತ್ತಲೇ ಇದ್ದರು. ಏನಾದರೂ ಹೇಳಲು ನನಗೆ ನಾಲಿಗೆ ತುರಿಸಿತು, ಆದರೂ ತಡೆದುಕೊಂಡೆ. ಕೊನೆಗೆ ಕ್ಲಿಕ್ ಎಂದಿತು.

ಮುನಿಸ್ವಾಮಣ್ಣ ಈಗ ಕೇಸು ಹೊಲಿಯುತ್ತಿದ್ದಾರೆ, ಮಾವನ ಕೈಯ ಅಳತೆಗೆ. ಕ್ಯಾಮೆರಾ ನನ್ನದೆಂಬ ಮಾತನ್ನು ಯಾರೂ ಎತ್ತುತ್ತಿಲ್ಲ, ನಾನೂ ಎತ್ತಿಲ್ಲ. ಚಿತ್ರ ಬಂದು ಭದ್ರಾವತಿಯ ಹಾಲಿನ ಗೋಡೆಯ ಮೇಲಿದೆ. ಕೊಂಚ ವಾಲಿದೆ, ಬಾಗಿಲು ಅರ್ಧ ಕತ್ತರಿಸಿಹೋಗಿದೆ, ಆದರೆ ಅತ್ತೆ ಒಬ್ಬರೇ ಕಾಣುತ್ತಾರೆ, ಸ್ಪಷ್ಟವಾಗಿ, ನಗುತ್ತ, ಬಲಗೈ ಮುಷ್ಟಿ ಬಿಗಿಹಿಡಿದು. ಬಂದವರೆಲ್ಲ ಕೈಯಲ್ಲೇನಿದೆ ಎಂದು ಕೇಳುತ್ತಾರೆ.

"ಇವರ ಮರ್ಯಾದೆ," ಎನ್ನುತ್ತಾರೆ ಅತ್ತೆ, ಮತ್ತು ಕಾಫಿ ತರಲು ಒಳಗೆ ಹೋಗುತ್ತಾರೆ.